ಮೊದಲು ಕುರಿಮಾಂಸ, ಆಮೇಲೆ ಮನುಷ್ಯ

ಎಸಿ ಕೊಳ್ಳೋಕೆ ಹೋದರೆ ಅಂಗಡಿಯವನು ಮೊದಲು ಕೇಳೋದು, "ಒಂದು ಟನ್ನಾ, ಒಂದೂವರೆ ಟನ್ನಾ ಸಾರ್?" ಈ ಟನ್ ಯಂತ್ರದ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಅಷ್ಟನ್ನು ಕೋಣೆಯಿಂದ ಹೊರಗೆ ಹಾಕುವ ಶಕ್ತಿ. ಸುಮಾರು 3.5 ಕಿಲೋವ್ಯಾಟ್. ಯಂತ್ರಗಳು ಬರುವ ಮುಂಚೆ ತಂಪು ಅಂದ್ರೆ ಮಂಜುಗಡ್ಡೆಯೇ ಆಗಿತ್ತು. ಮಂಜುಗಡ್ಡೆ ಹೋಯ್ತು, ಲೆಕ್ಕ ಉಳಿದುಕೊಂಡಿತು.

ಆ ಮಂಜುಗಡ್ಡೆ ಒಂದು ಕಾಲದಲ್ಲಿ ಅಮೆರಿಕದಿಂದ ನಮ್ಮ ದೇಶಕ್ಕೆ ಹಡಗಿನಲ್ಲಿ ಬರುತ್ತಿತ್ತು. 1833ರ ಮೇ ತಿಂಗಳಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್‌ನಿಂದ 'ಟಸ್ಕನಿ' ಎಂಬ ಹಾಯಿಹಡಗಿನಲ್ಲಿ 180 ಟನ್ ಮಂಜುಗಡ್ಡೆ ತುಂಬಿಸಿ ಕಲ್ಕತ್ತೆಗೆ ಕಳಿಸಿದ. ಆಫ್ರಿಕವನ್ನು ಸುತ್ತಿಕೊಂಡು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ಸೆಪ್ಟೆಂಬರ್‌ನಲ್ಲಿ ಅದು ಬಂದು ಮುಟ್ಟಿದಾಗ ಸುಮಾರು 100 ಟನ್ ಗಟ್ಟಿಯಾಗಿಯೇ ಇತ್ತು. ಹಡಗಿನ ಒಡಲಿಗೆ ಎರಡು ಪದರ ಹಲಗೆ, ನಡುವೆ ಮರದ ತೊಗಟೆಯ ಪುಡಿ, ಹುಲ್ಲು. ನಮ್ಮೂರಿಗೆ ಸೈಕಲ್ ಮೇಲೆ ಬರುತ್ತಿದ್ದ ಐಸ್‌ಕ್ಯಾಂಡಿಯವನು ಗೋಣಿಚೀಲ, ಮರದ ಹೊಟ್ಟು ಇಟ್ಟುಕೊಂಡು ಮಾಡುತ್ತಿದ್ದದ್ದೂ ಇದನ್ನೇ.

ಅಂದರೆ ಬಿಸಿ ಕಡಲಲ್ಲಿ ಹಡಗಿನ ಒಳಗನ್ನು ತಣ್ಣಗಿಡೋದು ಹೇಗೆ ಅಂತ 1833ರಲ್ಲೇ ಗೊತ್ತಿತ್ತು. ಆದರೆ ತಣ್ಣಗಿದ್ದದ್ದು ಸರಕು. ಮನುಷ್ಯರಿಗೆ ಬಟ್ಟೆಯ ದೊಡ್ಡ ಕೊಳವೆಯೊಂದನ್ನು ಡೆಕ್ಕಿನ ಮೇಲೆ ಗಾಳಿಗೆ ಬಾಯಿ ಮಾಡಿ ಕಟ್ಟಿ, ಕೆಳಗಿನ ಕೋಣೆಗಳಿಗೆ ಇಳಿಬಿಡುತ್ತಿದ್ದರು. ರಾತ್ರಿ ಡೆಕ್ಕಿನ ಮೇಲೇ ಹಾಸಿಗೆ. ಕೆಂಪು ಸಮುದ್ರದಲ್ಲಿ ಇದೂ ಕೈಕೊಡುತ್ತಿತ್ತು. ಹಡಗು ಹೋಗುವ ದಿಕ್ಕಿಗೇ ಗಾಳಿ ಬೀಸಿ, ಎರಡರ ವೇಗವೂ ಒಂದೇ ಆಗಿಬಿಟ್ಟರೆ ಡೆಕ್ಕಿನ ಮೇಲೆ ಗಾಳಿ ಸತ್ತ ಹಾಗೆ. ಸ್ವಲ್ಪ ಹೊತ್ತು ಹಡಗನ್ನೇ ಹಿಂದಕ್ಕೆ ತಿರುಗಿಸಿ, ಪ್ರಯಾಣಿಕರಿಗೆ ಗಾಳಿ ಕುಡಿಸಿ, ಮತ್ತೆ ದಾರಿ ಹಿಡಿಯುತ್ತಿದ್ದ ಕಪ್ತಾನರ ಕಥೆಗಳಿವೆ. (ಭಾರತಕ್ಕೆ ಬರುವಾಗ ಎಡಗಡೆಯ, ಹೋಗುವಾಗ ಬಲಗಡೆಯ ಕ್ಯಾಬಿನ್ ಹಿಡಿಯುತ್ತಿದ್ದ ಶ್ರೀಮಂತರಿಂದ 'ಪಾಶ್' ಅನ್ನೋ ಪದ ಬಂತು ಅಂತ ವಾಟ್ಸಾಪಲ್ಲಿ ಓದಿರ್ತೀರಿ. ಹಾಗಂತ ಬರೆದಿರುವ ಒಂದು ಟಿಕೆಟ್ಟೂ ಯಾರಿಗೂ ಸಿಕ್ಕಿಲ್ಲ.)

ಮುಂದಿನ ತಂಪೂ ಮನುಷ್ಯರಿಗಲ್ಲ. 1882ರಲ್ಲಿ 'ಡನೀಡಿನ್' ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿದ ಮಾಂಸ ಹೊತ್ತುಕೊಂಡು ಹೊರಟಿತು. ಹಾಯಿಹಡಗೇ, ಆದರೆ ಒಳಗೆ ಕಲ್ಲಿದ್ದಲು ಸುಟ್ಟು ಗಾಳಿಯನ್ನು ತಂಪು ಮಾಡುವ ಬೆಲ್-ಕೋಲ್ಮನ್ ಯಂತ್ರ. ಉಷ್ಣವಲಯಕ್ಕೆ ಬಂದಾಗ ತಣ್ಣನೆಯ ಗಾಳಿ ಎಲ್ಲ ಮೂಲೆಗೂ ಹೋಗುತ್ತಿಲ್ಲ ಅಂತ ಗೊತ್ತಾಯ್ತು. ಕಪ್ತಾನ ವಿಟ್ಸನ್ ತಾನೇ ತೆವಳಿಕೊಂಡು ಒಳಗೆ ಹೋಗಿ ಗಾಳಿಯ ಕೊಳವೆಗೆ ಹೊಸ ತೂತು ಕೊರೆದ. ಕೊರೆಯುತ್ತಲೇ ಚಳಿಗೆ ಮರಗಟ್ಟಿ ಬಿದ್ದ. ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದು ಬದುಕಿಸಬೇಕಾಯಿತು. ಸುಡುವ ಕಡಲಿನ ನಟ್ಟನಡುವೆ ಚಳಿಗೆ ಸಾಯಲು ಹೊರಟ ಮನುಷ್ಯ! 98 ದಿನಗಳ ಆ ಪ್ರಯಾಣದಲ್ಲಿ ಕೆಟ್ಟದ್ದು ಒಂದೇ ಒಂದು ಕುರಿ.

ಅದೇ ಕಾಲದಲ್ಲಿ ಉಗಿಹಡಗುಗಳ ಬಾಯ್ಲರ್ ಕೋಣೆಯಲ್ಲಿ ಯಾರಿದ್ದರು ನೋಡಿ. ಪಿ ಅಂಡ್ ಓ ಕಂಪನಿಯಂಥ ಬ್ರಿಟಿಷ್ ಹಡಗುಗಳಲ್ಲಿ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರು ಬಹುಪಾಲು ಭಾರತದ ಕಡೆಯ ಲಸ್ಕರುಗಳು. ಅಲ್ಲಿನ ಶಾಖ 50 ಡಿಗ್ರಿ ದಾಟುತ್ತಿತ್ತು. ಇವರು ಬಿಸಿಲ ನಾಡಿನವರು, ಸೆಕೆ ತಡೆದುಕೊಳ್ಳುತ್ತಾರೆ ಅನ್ನೋದು ಕಂಪನಿಗಳ ವಾದ. ಕಡಿಮೆ ಸಂಬಳ ಅನ್ನೋದು ಜೊತೆಗಿದ್ದ ಲಾಭ. 1894ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಒಬ್ಬ ನಾವಿಕನಿಗೆ ಮಲಗಿ ಏಳಲು 72 ಘನ ಅಡಿ ಜಾಗ ಕೊಡಬೇಕು. ಭಾರತದ ಕಾನೂನಿನಲ್ಲಿ ಲಸ್ಕರನಿಗೆ 36. ಲೆಕ್ಕ ಹಾಕಿ: ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರ. ಶವಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು.

1902ರಲ್ಲಿ ವಿಲಿಸ್ ಕ್ಯಾರಿಯರ್ ರೂಪಿಸಿದ ಮೊದಲ ಆಧುನಿಕ ಎಸಿ ಕೂಡ ಬ್ರೂಕ್ಲಿನ್ನಿನ ಪ್ರೆಸ್ಸೊಂದರ ಕಾಗದ ತೇವಕ್ಕೆ ಹಿಗ್ಗಬಾರದು ಅಂತ. ಹಡಗಿಗೆ ಅದು ಬಂದದ್ದು 1930ರ ದಶಕದಲ್ಲಿ. 1931ರ ಇಟಲಿಯ 'ವಿಕ್ಟೋರಿಯಾ' ಹಡಗಿನಲ್ಲಿ ಮೊದಲ ದರ್ಜೆಯ ಊಟದ ಹಾಲ್‌ಗೆ ಎಸಿ ಇತ್ತು.

ನನಗೆ ಅದಕ್ಕಿಂತ ಕುತೂಹಲ ಅನ್ನಿಸೋದು ಜಲಾಂತರ್ಗಾಮಿಗಳ ಕಥೆ. ಕಬ್ಬಿಣದ ಮುಚ್ಚಿದ ಕೊಳವೆ, ಒಳಗೆ ಹತ್ತಾರು ಜನರ ಬೆವರು, ಉಸಿರು, ಅಡುಗೆಯ ಹಬೆ. ಬಿಸಿ ಕಡಲಲ್ಲಿ ಆ ತೇವವೆಲ್ಲ ನೀರಾಗಿ ವೈರುಗಳ ಮೇಲೆ ತೊಟ್ಟಿಕ್ಕಿ ಶಾರ್ಟ್ ಸರ್ಕ್ಯೂಟ್ ಆಗುತ್ತಿತ್ತು. 1934ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದ 'ಕಟಲ್‌ಫಿಶ್' ಎಸಿ ಹಾಕಿಸಿಕೊಂಡ ಅವರ ಮೊದಲ ಜಲಾಂತರ್ಗಾಮಿ. ಸೈನಿಕರಿಗೆ ಸುಖ ಯಾಕೆ ಅಂತ ಗೊಣಗಬಹುದು, ವೈರು ಉಳಿಸೋದು ಬೇಡ ಅನ್ನೋಕಾಗುತ್ತಾ? ಎಸಿಯಿಂದ ಇಳಿದ ನೀರಲ್ಲಿ ನಾವಿಕರು ಬಟ್ಟೆ ಒಗೆದುಕೊಂಡರು. ನಮ್ಮ ಆಫೀಸುಗಳ ಸರ್ವರ್ ರೂಮಿನಲ್ಲಿ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ ಇರುತ್ತದೆ, ಗೇಟಿನಲ್ಲಿ ಕೂತ ಸೆಕ್ಯುರಿಟಿ ಅಣ್ಣನಿಗೆ ಟೇಬಲ್ ಫ್ಯಾನು. ಪರಂಪರೆ ಹಳೆಯದು.

ಇವತ್ತು ದೋಣಿಗೆ ಎಸಿ ಆರಿಸುವವರ ಮುಂದೆ ಇರುವ ಕಷ್ಟ ಬೇರೆ ಥರದ್ದು. ಮನೆಯ ಎಸಿ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತೆ, ದೋಣಿಯದು ಸಾಮಾನ್ಯವಾಗಿ ಕಡಲ ನೀರಿಗೆ. ತಂಪು ದೇಶದ ಕಡಲಿಗೆ ಲೆಕ್ಕ ಹಾಕಿದ ಯಂತ್ರವನ್ನು 30 ಡಿಗ್ರಿಯ ನೀರಿನಲ್ಲಿ ನಡೆಸಿದರೆ ತಂಪು ಕಡಿಮೆ, ಕರೆಂಟು ಜಾಸ್ತಿ. ನೀರೆಳೆಯುವ ಪೈಪಿನಲ್ಲಿ ಚಿಪ್ಪುಹುಳು ಬೆಳೆದು ಕಟ್ಟಿಕೊಂಡರಂತೂ ಮುಗೀತು. ಚಿಕ್ಕ ದೋಣಿಯಾದರೆ ಒಂದೊಂದು ಕ್ಯಾಬಿನ್‌ಗೆ ಒಂದೊಂದು ಯಂತ್ರ, ದೊಡ್ಡದಾದರೆ ಒಂದೇ ಕಡೆ ನೀರು ತಂಪು ಮಾಡಿ ಪೈಪಿನಲ್ಲಿ ಎಲ್ಲೆಡೆ ಹರಿಸೋದು. ಹೇಗೂ ಜನರೇಟರ್ ಬೇಕು. ಇವೆಲ್ಲ ದುಡ್ಡಿನ ಪ್ರಶ್ನೆಗಳು, ಉತ್ತರ ಇದೆ.

ಯಾರಿಗೆ ತಂಪು ಅನ್ನೋ ಪ್ರಶ್ನೆಗೆ ಕಾನೂನಿನ ಉತ್ತರ ಬಂದದ್ದು ತೀರಾ ಇತ್ತೀಚೆಗೆ. 2006ರ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದ ಜಾರಿಯಾದದ್ದು 2013ರ ಆಗಸ್ಟ್‌ನಲ್ಲಿ. ತಂಪು ಹವೆಯ ಕಡೆಯಲ್ಲೇ ಓಡಾಡುವ ಹಡಗುಗಳನ್ನು ಬಿಟ್ಟು ಉಳಿದವುಗಳಲ್ಲಿ ನಾವಿಕರು ವಾಸಿಸುವ ಕೋಣೆಗಳಿಗೆ ಎಸಿ ಇರಲೇಬೇಕು ಅನ್ನುತ್ತೆ ಅದು. 2015ರಲ್ಲಿ ಭಾರತವೂ ಒಪ್ಪಿತು. ಟಸ್ಕನಿಯ ಮಂಜುಗಡ್ಡೆಗೂ ಇದಕ್ಕೂ ನಡುವೆ 180 ವರ್ಷ.

ಆ ಒಪ್ಪಂದ ಮೀನುಗಾರಿಕೆ ಬೋಟುಗಳಿಗೆ ಅನ್ವಯಿಸುವುದಿಲ್ಲ. ಲಸ್ಕರ್ ತಂಡಗಳಲ್ಲಿ ಸೆರಾಂಗ್‌ನ ಕೈಕೆಳಗಿನ ಮೇಸ್ತ್ರಿಯನ್ನು 'ಟಿಂಡಲ್' ಅನ್ನುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬೋಟು ನಡೆಸುವವನನ್ನು ಕರೆಯುವ 'ತಾಂಡೇಲ' ಅದೇ ಪದ. ಮಲ್ಪೆ ಬಂದರಿಗೆ ಹೋದರೆ ಆಳಸಮುದ್ರಕ್ಕೆ ಹೊರಡುವ ಬೋಟುಗಳನ್ನು ನೋಡಬಹುದು. ಮಂಜುಗಡ್ಡೆಯನ್ನು ಪುಡಿಮಾಡಿ ಬೋಟಿನ ಒಡಲಿಗೆ ಸುರಿಯುತ್ತಾರೆ, ಮುಂದಿನ ಹತ್ತು-ಹನ್ನೆರಡು ದಿನದ ಮೀನಿಗೆ. ತಾಂಡೇಲ ಮತ್ತವನ ಹುಡುಗರು ಮಲಗೋದು ಅದರ ಮೇಲೆ, ಹಲಗೆಯ ಈಚೆ ಕಡೆ.