ಕಾಲು ಟ್ಯಾಂಕಿನ ಮುಳ್ಳು

ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳು ಟ್ಯಾಂಕಿನೊಳಗೆ ಇಣುಕಿ ನೋಡುವುದಿಲ್ಲ. ಯಾರೋ ಹೇಳಿದ್ದನ್ನು ನಮಗೆ ದಾಟಿಸುತ್ತದೆ, ಅಷ್ಟೇ. ನನಗೆ ಇದು ಗೊತ್ತಾಗಿದ್ದು 1998ರಲ್ಲಿ, ಸ್ವಲ್ಪ ತಡವಾಗಿ.

ಬ್ಯಾಂಕ್ ಕೆಲಸಕ್ಕೆಂದು ಮುಂಬಯಿಗೆ ಬಂದು ಆಗ ಏಳು ವರ್ಷವಾಗಿತ್ತು. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಿದ್ದೆ. ಯಾವ ಕಂಪನಿಯದ್ದು ಎನ್ನುವುದು ಬೇಡ ಬಿಡಿ, ತಪ್ಪು ಕಂಪನಿಯದ್ದಲ್ಲ, ನನ್ನದು. ಒಂದು ಮಧ್ಯಾಹ್ನ ಶಿರಸಿಯಿಂದ ತಂಗಿಯ ಫೋನ್ ಬಂತು, ಅಪ್ಪನಿಗೆ ತೀರಾ ಹುಷಾರಿಲ್ಲ ಅಂತ. ಟ್ಯಾಂಕ್ ತುಂಬಿಸಿ ನಾಲ್ಕು ಗಂಟೆಗೆ ಹೊರಟೆವು. ಪುಣೆ, ಸಾತಾರಾ ದಾಟಿ ಕೊಲ್ಹಾಪುರಕ್ಕೆ ಬಂದಾಗ ನಡುರಾತ್ರಿ ಕಳೆದಿತ್ತು. ಅಲ್ಲೊಂದು ಬಂಕ್ ತೆರೆದಿತ್ತು. ಮುಳ್ಳು ನೋಡಿದೆ, ಕಾಲು ಟ್ಯಾಂಕ್ ಇದೆ ಎಂದಿತು. ನಿಲ್ಲಿಸಲಿಲ್ಲ. ನಿಪ್ಪಾಣಿಯ ಹತ್ತಿರ, ಎರಡೂವರೆಗೆ, ಕಾರು ಎರಡು ಸಲ ಕೆಮ್ಮಿ ನಿಂತಿತು. ಮುಳ್ಳು ಆಗಲೂ ಕಾಲು ಟ್ಯಾಂಕ್ ತೋರಿಸುತ್ತಲೇ ಇತ್ತು!

ಕಿಲೋಮೀಟರ್ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. ದಿನವಿಡೀ ಲೆಕ್ಕ ನೋಡುವವನು ಆ ರಾತ್ರಿ ನೋಡಲಿಲ್ಲ.

ಆಮೇಲೆ ಈ ಮುಳ್ಳಿನ ಚರಿತ್ರೆಯನ್ನು ಸಿಕ್ಕಲ್ಲೆಲ್ಲ ಓದತೊಡಗಿದೆ. ಮೊದಮೊದಲ ಕಾರುಗಳಲ್ಲಿ ಮುಳ್ಳೇ ಇರಲಿಲ್ಲ. 1908ರಿಂದ 1927ರವರೆಗೆ ಕೋಟಿಗೂ ಮೀರಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕ್ ಇದ್ದದ್ದು ಸಾಮಾನ್ಯವಾಗಿ ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಮುಚ್ಚಳ ತೆಗೆದು, ಮರದ ಪಟ್ಟಿಯೊಂದನ್ನು ಇಳಿಬಿಟ್ಟು ಎಷ್ಟು ಒದ್ದೆಯಾಯಿತು ಎಂದು ನೋಡುವುದು. ಗ್ಯಾಲನ್ ಗುರುತಿದ್ದ ಇಂಥ ಪಟ್ಟಿಗಳ ಮೇಲೆ ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಪುಕ್ಕಟೆ ಹಂಚುತ್ತಿದ್ದರು. ನಂತರ ಬಂದ ಮಾಡೆಲ್ ಎ ಕಾರಿನಲ್ಲಿ ಟ್ಯಾಂಕ್ ಚಾಲಕನ ಎದುರಿಗೇ, ಡ್ಯಾಶ್‌ಬೋರ್ಡಿನ ಹಿಂದೆಯೇ ಇತ್ತು. ಟ್ಯಾಂಕಿನೊಳಗಿನ ತೇಲುಬುರುಡೆ ತಿರುಗಿಸುವ ಅಂಕಿ ಸಣ್ಣ ಕಿಂಡಿಯಲ್ಲಿ ಕಾಣುತ್ತಿತ್ತು. ನಡುವೆ ವೈರ್ ಇಲ್ಲ, ಮಧ್ಯವರ್ತಿ ಇಲ್ಲ.

ಬೆಂಕಿ ತಗುಲಿದರೆ ಗತಿಯೇನು ಎಂದು ಟ್ಯಾಂಕನ್ನು ಹಿಂದಕ್ಕೆ ಕಳಿಸಿದ ಮೇಲೆ ತಾಪತ್ರಯ ಶುರುವಾಯಿತು. ಹಿಂದಿನ ಸುದ್ದಿ ಮುಂದಕ್ಕೆ ಬರಬೇಕಲ್ಲ? 1920ರ ದಶಕದ ಕೊನೆಯ ಕೆಲವು ಅಮೆರಿಕನ್ ಕಾರುಗಳಲ್ಲಿ ತೆಳುವಾದ ಗಾಳಿಕೊಳವೆ ಎಳೆದು, ಪೆಟ್ರೋಲಿನ ಒತ್ತಡದಿಂದ ಡ್ಯಾಶ್‌ಬೋರ್ಡಿನ ಗಾಜಿನ ಕೊಳವೆಯಲ್ಲಿ ಕೆಂಪು ದ್ರವ ಏರುವಂತೆ ಮಾಡಿದ್ದರು. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಲೆಕ್ಕ ತಪ್ಪು. ಕೊನೆಗೆ ಗೆದ್ದದ್ದು ವಿದ್ಯುತ್ ಮುಳ್ಳು. ಟ್ಯಾಂಕಿನಲ್ಲಿ ತೇಲುಬುರುಡೆ, ಅದರ ತೋಳಿನ ತುದಿಯಲ್ಲಿ ತಂತಿ ಸುತ್ತಿದ ರೆಸಿಸ್ಟರ್. ಬುರುಡೆ ಇಳಿದಂತೆ, ಏರಿದಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನು ನೋಡಿ ಮುಳ್ಳು ಆಡುತ್ತದೆ. ಎಂದರೆ ಮುಳ್ಳು ಅಳೆಯುವುದು ಪೆಟ್ರೋಲನ್ನಲ್ಲ, ರೆಸಿಸ್ಟೆನ್ಸನ್ನು.

ಎಲ್ಲರೂ ಇದನ್ನು ನಂಬಲಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಮುಳ್ಳು ಬಂದದ್ದು 1962ರ ಮಾಡೆಲ್‌ನಿಂದ. ಅಲ್ಲಿಯವರೆಗೆ ರಿಸರ್ವ್ ನಲ್ಲಿಯೇ ಗತಿ. ನಮ್ಮಲ್ಲಿ 1972ರಲ್ಲಿ ಬಂದ ಬಜಾಜ್ ಚೇತಕ್ ಓಡಿಸಿದವರಿಗೆ ಆ ನಲ್ಲಿಯ ಬಗ್ಗೆ ಹೇಳಬೇಕಿಲ್ಲ. ಸ್ಕೂಟರ್ ನಿಂತರೆ ರಿಸರ್ವ್‌ಗೆ ತಿರುಗಿಸು, ಅದೂ ಮುಗಿದರೆ ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡಿ. ಬಂಕ್ ತಲುಪುವಷ್ಟು ಹೇಗೋ ಸಿಗುತ್ತಿತ್ತು.

ನಮ್ಮ ದೇಶದಲ್ಲಿ ಇನ್ನೊಂದು ಸಂಗತಿಯಿದೆ. 1964ರಲ್ಲಿ ಇಲ್ಲಿಗೆ ಬಂದ ಫಿಯೆಟ್ 1100 ಡಿ ಕಾರೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಈ ಊರಿನ ಕಪ್ಪು-ಹಳದಿ ಟ್ಯಾಕ್ಸಿಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಗಿ, 20 ವರ್ಷದ ಅವಧಿ ಮುಗಿದು, 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಹೋಯಿತು. ಒಂದೇ ವಿನ್ಯಾಸ ಇಷ್ಟು ವರ್ಷ ಓಡಿದ ದೇಶದಲ್ಲಿ ಭಾಗ ಬದಲಿಸುವುದಕ್ಕಿಂತ ರಿಪೇರಿ ಮಾಡುವ ವಿದ್ಯೆ ಬೆಳೆದದ್ದು ಸಹಜ. ನನಗೆ ಪಾಠ ಹೇಳಿದವನೂ ಅಂಥದ್ದೇ ಒಬ್ಬ ಗ್ಯಾರೇಜ್ ಉಸ್ತಾದ್.

ಆತ ಮೊದಲು ಟ್ಯಾಂಕಿನ ಕಡೆಯ ವೈರ್ ಬಿಚ್ಚಿ ಬಾಡಿಗೆ ತಾಗಿಸಿದ. ಮುಳ್ಳು ಸೊನ್ನೆಗೆ ಬಂತು. ಬಿಟ್ಟ, ಫುಲ್ ದಾಟಿ ಹೋಯಿತು. "ಮೀಟರ್ ಸರಿಯಿದೆ ಸಾಬ್, ಸುದ್ದಿ ಸರಿಯಿಲ್ಲ" ಅಂದ. ಟ್ಯಾಂಕಿನ ಅರ್ತ್ ಜಾಗ ತುಕ್ಕು ಹಿಡಿದಿತ್ತು. ನನ್ನ ಕಾರಿನ ಪದ್ಧತಿಯಲ್ಲಿ ರೆಸಿಸ್ಟೆನ್ಸ್ ಹೆಚ್ಚಿದರೆ ಪೆಟ್ರೋಲ್ ಹೆಚ್ಚು ಎಂದು ಅರ್ಥ. ತುಕ್ಕಿನ ರೆಸಿಸ್ಟೆನ್ಸ್ ಸೇರಿ, ಖಾಲಿ ಟ್ಯಾಂಕಿಗೂ ಕಾಲು ಭಾಗ ಜಮೆಯಾಗುತ್ತಿತ್ತು. ಇದಕ್ಕೆ ತಲೆಕೆಳಗಾದ ಪದ್ಧತಿಯ ಕಾರುಗಳೂ ಇವೆ. ಅವುಗಳಲ್ಲಿ ಇದೇ ತುಕ್ಕು ತುಂಬಿದ ಟ್ಯಾಂಕನ್ನು ಕಡಿಮೆ ಎಂದು ತೋರಿಸುತ್ತದೆ. ಒಂದೇ ತುಕ್ಕು, ಒಂದು ಕಾರು ಆಶಾವಾದಿ, ಇನ್ನೊಂದು ನಿರಾಶಾವಾದಿ! ಕೆಲವು ಹಳೇ ಕಾರುಗಳಲ್ಲಿ ಪೆಟ್ರೋಲ್ ಮತ್ತು ಟೆಂಪರೇಚರ್ ಮುಳ್ಳುಗಳೆರಡೂ ಒಂದೇ ವೋಲ್ಟೇಜ್ ಸ್ಟೆಬಿಲೈಜರ್ ಹಂಚಿಕೊಂಡಿರುತ್ತವೆ. ಎರಡೂ ಒಟ್ಟಿಗೆ ತಪ್ಪಿದರೆ ಮೊದಲು ಅದನ್ನು ನೋಡಬೇಕು.

ಉಸ್ತಾದ್ ತುಕ್ಕು ಉಜ್ಜಿ, ಹೊಸ ಅರ್ತ್ ವೈರ್ ಎಳೆದ. ಕೆಲಸ ಅರ್ಧ ಗಂಟೆಯದು. ಆಮೇಲೆ ಟ್ಯಾಂಕ್ ಖಾಲಿ ಮಾಡಿ, ಐದೈದು ಲೀಟರ್ ಹಾಕುತ್ತ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ರಟ್ಟಿನ ಮೇಲೆ ಬರೆಸಿದ. ಟ್ಯಾಂಕಿನ ಆಕಾರ ಸಮನಾಗಿರುವುದಿಲ್ಲ, ಆದ್ದರಿಂದ ಮುಳ್ಳಿನ ಅರ್ಧ ಟ್ಯಾಂಕಿನ ಅರ್ಧವೇ ಆಗಬೇಕೆಂದಿಲ್ಲ. ಬ್ಯಾಂಕಿನಲ್ಲಿ ನಾವು ಮಾಡುವುದೂ ಇದೇ ತಾನೆ? ಪುಸ್ತಕ ಎಷ್ಟೇ ಹೇಳಲಿ, ಸಂಜೆ ನೋಟು ಎಣಿಸದೆ ಕ್ಯಾಶ್ ಮುಚ್ಚುವುದಿಲ್ಲ.

ಅಂದು ನಿಪ್ಪಾಣಿಯ ಬಳಿ ಪೆಟ್ರೋಲ್ ಸಿಕ್ಕಿದ್ದು ಬೆಳಿಗ್ಗೆ ಆರೂವರೆಗೆ. ಶಿರಸಿ ತಲುಪಿದಾಗ ಹನ್ನೆರಡೂವರೆ. ಅಪ್ಪ ಹತ್ತು ಗಂಟೆಗೆ ಹೋಗಿದ್ದರು. ಎಂಟರವರೆಗೂ ಮಾತಾಡುತ್ತಿದ್ದರಂತೆ, ಎಲ್ಲಿಯವರೆಗೆ ಬಂದನಂತೆ ಎಂದು ಎರಡು ಸಲ ಕೇಳಿದರಂತೆ. ಆ ನಾಲ್ಕು ಗಂಟೆ ಕಳೆದು ನೋಡುವ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ, ಉತ್ತರ ಬದಲಾಗಿಲ್ಲ.

ತೋಟದ ಪಂಪ್‌ಸೆಟ್ಟಿನ ಡೀಸೆಲ್ ಟ್ಯಾಂಕಿಗೆ ಅಪ್ಪ ದಿನಾ ಒಣಗಿದ ಅಡಿಕೆ ದಬ್ಬೆಯ ಸೀಳೊಂದನ್ನು ಅದ್ದಿ ನೋಡುತ್ತಿದ್ದರು. ಅದರ ಮೇಲೆ ಕತ್ತಿಯಿಂದ ಕೊರೆದ ಗೀರುಗಳಿದ್ದವು. ದಿನಕಾರ್ಯ ಮುಗಿಸಿ ಹೊರಡುವಾಗ ಪಂಪ್‌ಸೆಟ್ಟಿನ ಮನೆಯಲ್ಲಿ ಅದು ಗೋಡೆಗೆ ಒರಗಿತ್ತು, ಕಾರಿನಲ್ಲಿಟ್ಟುಕೊಂಡು ಬಂದೆ.

ಆ ಕಾರು ಮಾರಿ ಎಷ್ಟೋ ವರ್ಷವಾಯಿತು. ಈಗಿನ ಕಾರು ಇನ್ನೆಷ್ಟು ಕಿಲೋಮೀಟರ್ ಓಡಬಹುದು ಎಂದು ಅಂಕಿಯಲ್ಲೇ ಹೇಳುತ್ತದೆ. ಅದರ ಟ್ಯಾಂಕಿನಲ್ಲೂ ತೇಲುತ್ತಿರುವುದು ಅದೇ ಬುರುಡೆ. ಊರಿಗೆ ಹೊರಟಾಗ ಈಗಲೂ ಕೊಲ್ಹಾಪುರದಲ್ಲಿ ನಿಲ್ಲಿಸಿ ತುಂಬಿಸುತ್ತೇನೆ. ಇನ್ನೂ ಅರ್ಧ ಇದೆಯಲ್ಲ ಎಂದು ಮಕ್ಕಳು ನಗುತ್ತಾರೆ. ನಗಲಿ. ದಬ್ಬೆ ಡಿಕ್ಕಿಯಲ್ಲೇ ಇದೆ.