ತುಮಕೂರು ವಿಶ್ವವಿದ್ಯಾನಿಲಯದ ಆವರಣ ಯೋಜನೆ

ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಸ್ಥಾಪನೆಯಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರಿದಂತೆ ತುಮಕೂರು ಜಿಲ್ಲೆಯ ಪದವಿ ಕಾಲೇಜುಗಳು ಇದರ ವ್ಯಾಪ್ತಿಗೆ ಬರುತ್ತವೆ. ತುಮಕೂರು ನಗರದ ಬಿ.ಎಚ್. ರಸ್ತೆಯಲ್ಲಿ ಮೊದಲ ಆವರಣವಿದ್ದು, ಬಿದರೆಕಟ್ಟೆಯಲ್ಲಿ ‘ಜ್ಞಾನಸಿರಿ’ ಎಂಬ ಹೊಸ ಆವರಣವನ್ನು ರೂಪಿಸಲಾಗಿದೆ.

ಹಿನ್ನೆಲೆ
ಮೊದಲ ಆವರಣವು ನಗರದ ನಡುವೆ ಇರುವುದರಿಂದ ಹೊಸ ವಿಭಾಗ, ಪ್ರಯೋಗಾಲಯ ಮತ್ತು ವಿದ್ಯಾರ್ಥಿನಿಲಯಗಳಿಗೆ ಸ್ಥಳಾವಕಾಶ ಕಡಿಮೆ. ಬೆಂಗಳೂರು ವಿಶ್ವವಿದ್ಯಾಲಯವೂ ಇದೇ ಹಾದಿಯಲ್ಲಿ ಸಾಗಿತ್ತು. 1964ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಆರಂಭವಾದ ಅದು 1973ರಲ್ಲಿ ಆಗಿನ ನಗರದ ಹೊರಗಿದ್ದ ಜ್ಞಾನಭಾರತಿಗೆ ವಿಸ್ತರಿಸಿತು.

ಯೋಜನೆಯ ಅಂಶಗಳು
ದೀರ್ಘಾವಧಿ ಆವರಣ ಯೋಜನೆಯು ಮುಂದಿನ ಹಲವು ದಶಕಗಳ ಅಗತ್ಯವನ್ನು ಅಂದಾಜಿಸಿ, ಬೋಧನೆ, ವಸತಿ, ಕ್ರೀಡೆ ಮತ್ತು ಹಸಿರು ಪ್ರದೇಶಗಳಿಗೆ ಭೂಮಿಯನ್ನು ಮೊದಲೇ ವಿಂಗಡಿಸುತ್ತದೆ. ರಸ್ತೆ, ಒಳಚರಂಡಿ ಮತ್ತು ವಿದ್ಯುತ್ ಮಾರ್ಗಗಳನ್ನು ಕಟ್ಟಡಗಳಿಗಿಂತ ಮೊದಲು ಗುರುತಿಸಿದರೆ, ಹಂತಹಂತವಾಗಿ ಕಟ್ಟುವಾಗ ಹಳೆಯದನ್ನು ಒಡೆಯಬೇಕಾಗುವುದಿಲ್ಲ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಮಳೆನೀರು ಸಂಗ್ರಹ ಹಾಗೂ ಬಳಸಿದ ನೀರಿನ ಶುದ್ಧೀಕರಣಕ್ಕೂ ಜಾಗ ಕಾಯ್ದಿರಿಸುವುದು ಅಗತ್ಯ.

ಸಂಚಾರ ಮತ್ತು ವಸತಿ
ತೆಂಗು ಬೆಳೆಯುವ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ದೂರವೇ ಮುಖ್ಯ ಪ್ರಶ್ನೆ. ತಿಪಟೂರು ಬೆಂಗಳೂರು–ಅರಸೀಕೆರೆ ರೈಲುಮಾರ್ಗದಲ್ಲಿದೆ; ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಪಟ್ಟಣಗಳವರು ಹೆಚ್ಚಾಗಿ ಬಸ್ಸನ್ನು ಅವಲಂಬಿಸಿದ್ದಾರೆ. ಆವರಣವು ನಗರದಿಂದ ಹೊರಗೆ ಹೋದಾಗ ತುಮಕೂರಿನಲ್ಲಿ ಇಳಿದವರು ಮತ್ತೊಂದು ಬಸ್ ಹಿಡಿಯಬೇಕಾಗುತ್ತದೆ. ಆದ್ದರಿಂದ ತರಗತಿಯ ವೇಳೆಗೆ ಹೊಂದುವ ಬಸ್ ಸೌಕರ್ಯ ಮತ್ತು ವಿದ್ಯಾರ್ಥಿನಿಯರ ವಸತಿನಿಲಯಗಳು ತರಗತಿ ಕೊಠಡಿಗಳ ಜೊತೆಯಲ್ಲೇ ಸಿದ್ಧವಾಗುವುದು ಇಂತಹ ಯೋಜನೆಯ ಯಶಸ್ಸಿಗೆ ಮುಖ್ಯವಾಗಿದೆ.