ತಿಳಿನೀರಿನ ಸೊಳ್ಳೆ

ಸೀವುಡ್ಸ್ ಎಂಬ ಹೆಸರಿನಲ್ಲೇ ಕಡಲೂ ಇದೆ, ಕಾಡೂ ಇದೆ. ನವಿ ಮುಂಬಯಿಯ ನೆರೂಳಿಗೆ ಅಂಟಿಕೊಂಡ ಈ ಬಡಾವಣೆಯ ಅಂಚಿನಲ್ಲಿ ಕಾಂಡ್ಲಾ ಗಿಡಗಳಿವೆ, ಫ್ಲೆಮಿಂಗೊಗಳು ಬಂದಿಳಿಯುವ ಜೌಗು ನೆಲವಿದೆ. ಮಳೆಗಾಲದಲ್ಲಿ ಡೆಂಗಿಯ ಸುದ್ದಿ ಬಂತೆಂದರೆ ಬೆರಳು ಮೊದಲು ಹೋಗುವುದು ಆ ಕಡೆಗೇ. ಕೆಸರು, ನಾತ, ಸೊಳ್ಳೆ, ಜ್ವರ: ಒಂದರ ಹಿಂದೆ ಒಂದು ಸಲೀಸಾಗಿ ಜೋಡಿಸಿಕೊಳ್ಳುತ್ತವೆ. ಡೆಂಗಿಯ ಸೊಳ್ಳೆ ಸಾಮಾನ್ಯವಾಗಿ ಹುಟ್ಟುವ ಜಾಗ ಅದಲ್ಲ.

ಈ ಬೆರಳಿಗೆ ಹಳೆಯ ಚರಿತ್ರೆಯಿದೆ. 'ಮಲೇರಿಯಾ' ಎಂಬ ಇಟಾಲಿಯನ್ ಪದಕ್ಕೆ ಕೆಟ್ಟ ಗಾಳಿ ಎಂದೇ ಅರ್ಥ. ಜ್ವರವೆಲ್ಲ ಜೌಗಿನ ಗಾಳಿಯಿಂದ ಬರುತ್ತದೆಂದು ಹತ್ತೊಂಬತ್ತನೇ ಶತಮಾನದ ಮುಂಬಯಿಯೂ ನಂಬಿತ್ತು. 1911ರಲ್ಲಿ ಸಿ. ಎ. ಬೆಂಟ್ಲಿ ಎಂಬ ವೈದ್ಯರು ಆ ನಗರದ ಮಲೇರಿಯಾ ಕುರಿತು ಕೊಟ್ಟ ವರದಿ ಬೆರಳನ್ನು ಮನೆಯ ಕಡೆಗೆ ತಿರುಗಿಸಿತು. ಮಲೇರಿಯಾ ಹರಡುವ ಸೊಳ್ಳೆ ಮನೆಗಳ ಬಾವಿಗಳಲ್ಲೇ ಬೆಳೆಯುತ್ತಿತ್ತು. ಬಾವಿ ಮುಚ್ಚಿಸಲು ಹೊರಟಾಗ ಪಾರ್ಸಿಗಳೂ ಹಿಂದೂಗಳೂ ವಿರೋಧಿಸಿದರು. ಪೂಜೆಗೆ ಬಾವಿಯ ನೀರೇ ಬೇಕಿತ್ತು. ಕಡೆಗೆ ಹಲವು ಬಾವಿಗಳಿಗೆ ತಂತಿಬಲೆ ಹೊದಿಸಿ ರಾಜಿಯಾಯಿತು. ನೋಡಿದರೆ ಒಳ್ಳೆಯ ರಾಜಿಯೇ: ದೇವರಿಗೆ ನೀರು ಸಿಕ್ಕಿತು, ಸೊಳ್ಳೆಗೆ ಸಿಗಲಿಲ್ಲ.

ಡೆಂಗಿ ಇನ್ನೂ ಒಂದು ಹೆಜ್ಜೆ ಒಳಗೆ ಬಂದ ಕಾಯಿಲೆ. ಕನ್ನಡ ಪತ್ರಿಕೆಗಳು ಡೆಂಗಿ, ಡೆಂಗೆ, ಡೆಂಗ್ಯೂ ಎಂದು ಮೂರು ಬಗೆಯಲ್ಲಿ ಬರೆಯುವ ಈ ಪದದ ತವರು ಯಾವುದೆಂಬ ಚರ್ಚೆ ಮುಗಿದಿಲ್ಲ. ಸ್ವಾಹಿಲಿಯ 'ಕಿಡಿಂಗಾ ಪೆಪೊ', ಅಂದರೆ ದುಷ್ಟಶಕ್ತಿ ಹಿಡಿದು ಮೈ ಸೆಟೆಯುವ ರೋಗ, ಎಂಬುದು ಒಂದು ಊಹೆ. 1870ರಲ್ಲಿ ಜಾಂಜಿಬಾರಿನಲ್ಲಿ ಈ ಹೆಸರಿನ ಜ್ವರ ಹಬ್ಬಿದಾಗ ಅಲ್ಲಿದ್ದ ವೈದ್ಯ ಜೇಮ್ಸ್ ಕ್ರಿಸ್ಟಿ ಅದನ್ನು ದಾಖಲಿಸಿದರು. ಮರುವರ್ಷ ಅದು ಏಡನ್ ಹಾದು ಮುಂಬಯಿಗೆ ಬಂತು. ಆಗ ಬಂದದ್ದು ಡೆಂಗಿಯೋ ಚಿಕೂನ್‌ಗುನ್ಯವೋ ಎಂದು ವಿದ್ವಾಂಸರು ಈಗಲೂ ವಾದಿಸುತ್ತಾರೆ. ಎರಡನ್ನೂ ಹರಡುವುದು ಈಡಿಸ್ ಸೊಳ್ಳೆಯೇ. ಹಡಗಿನ ಕುಡಿಯುವ ನೀರಿನ ಪೀಪಾಯಿಯಲ್ಲಿ ಮೊಟ್ಟೆಯಿಟ್ಟು ಅದು ಸಮುದ್ರ ದಾಟುತ್ತಿತ್ತು.

ಡೆಂಗಿಯನ್ನು ತರುವುದು ಈಡಿಸ್ ಎಂದು ಆಸ್ಟ್ರೇಲಿಯದ ಥಾಮಸ್ ಬ್ಯಾಂಕ್ರಾಫ್ಟ್ 1906ರಲ್ಲಿ ಸೂಚಿಸಿದರು. ವೈರಸ್ ಕೈಗೆ ಸಿಕ್ಕಿದ್ದು 1943ರಲ್ಲಿ, ಯುದ್ಧದ ನಡುವೆ, ಜಪಾನಿನಲ್ಲಿ. ಅಲ್ಲಿಯವರೆಗೆ ಡೆಂಗಿ ಎಂದರೆ ಮೈಮೂಳೆ ಮುರಿದು ಹಾಕಿ, ವಾರದಲ್ಲಿ ಬಿಟ್ಟು ಹೋಗುವ ಜ್ವರ. ಮಹಾಯುದ್ಧದ ನಂತರ ಆಗ್ನೇಯ ಏಷ್ಯಾದಲ್ಲಿ ರಕ್ತಸ್ರಾವದ ರೂಪ ಕಂಡಿತು. 1963ರಲ್ಲಿ ಕಲ್ಕತ್ತೆಗೂ ಬಂತು. 1996ರಲ್ಲಿ ದೆಹಲಿಯಲ್ಲಿ 10,000ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ, 400ಕ್ಕೂ ಹೆಚ್ಚು ಜನ ತೀರಿಕೊಂಡರು.

ಸಾವು ಎಲ್ಲಿಂದ ಬರುತ್ತದೆಂದು ಕಂಡುಕೊಂಡ ಕಥೆಯಲ್ಲಿ ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಯ ವೈದ್ಯೆ ಸುಚಿತ್ರಾ ನಿಮ್ಮಾನಿತ್ಯರದು ದೊಡ್ಡ ಪಾತ್ರ. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದೇ ಮುಖ್ಯ ಅಪಾಯ. ಹೊತ್ತಿಗೆ ಸರಿಯಾಗಿ, ಅಳತೆ ತಪ್ಪದೆ ದ್ರವ ಕೊಟ್ಟರೆ ರೋಗಿ ಉಳಿಯುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ 1975ರ ಮಾರ್ಗಸೂಚಿಗೆ ಅವರ ಕೆಲಸವೇ ಆಧಾರ. ಆ ಹೊತ್ತು ಯಾವುದು ಎನ್ನುವಲ್ಲೇ ಮನೆಯವರು ಮೋಸಹೋಗುವುದು. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವಾಗ, ಸೋರಿಕೆ ಶುರುವಾಗುತ್ತದೆ. ಮನೆಯಲ್ಲಿ 'ಸದ್ಯ, ಬಿಟ್ಟಿತು' ಎಂದು ನಿಟ್ಟುಸಿರು ಬಿಡುವ ದಿನವದು. ಆಗ ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ನಮ್ಮಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ. ರಕ್ತಸ್ರಾವ ಇಲ್ಲದವರಿಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟು ಪ್ರಯೋಜನವಿಲ್ಲವೆಂದು ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿದ ಮೇಲೂ ಚೀಟಿ ಹಿಡಿದು ರಕ್ತನಿಧಿಗಳಿಗೆ ಓಡುವುದು ನಿಂತಿಲ್ಲ.

ಇನ್ನು ಸೊಳ್ಳೆ. ಸಿಡ್ಕೊ 1970ರಲ್ಲಿ ಹುಟ್ಟಿ ನವಿ ಮುಂಬಯಿಯನ್ನು ಕಟ್ಟತೊಡಗಿತು; ಮಹಾನಗರಪಾಲಿಕೆ ಬಂದದ್ದು 1992ರಲ್ಲಿ. ಯೋಜನೆ ಹಾಕಿ ಕಟ್ಟಿದ ಈ ನಗರದಲ್ಲಿ ಬಾವಿಯ ಜಾಗಕ್ಕೆ ನೆಲದಡಿಯ ಟಾಕಿ, ತಾರಸಿಯ ಟಾಕಿ ಬಂದವು. ಜೊತೆಗೆ ಬಾಲ್ಕನಿಯ ಕುಂಡದ ತಟ್ಟೆ, ಬಾಟಲಿಯ ಮನಿಪ್ಲಾಂಟ್, ಫ್ರಿಜ್ಜಿನ ಹಿಂದಿನ ಟ್ರೇ, ಕಟ್ಟುತ್ತಿರುವ ಗೋಪುರಗಳ ಲಿಫ್ಟ್ ಗುಂಡಿ. ಈಡಿಸ್‌ಗೆ ಬೇಕಾದದ್ದು ಇಂಥ ನಿಂತ ತಿಳಿನೀರೇ. ಅದು ಹಗಲು ಕಚ್ಚುತ್ತದೆ, ಹುಟ್ಟಿದ ಜಾಗದಿಂದ ಬಹುದೂರ ಹೋಗುವುದಿಲ್ಲ. ನೀರಿನ ಮಟ್ಟದ ಮೇಲೆ ಪಾತ್ರೆಯ ಗೋಡೆಗೆ ಅಂಟಿಸಿದ ಅದರ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಗೋಡೆ ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಮಹಾರಾಷ್ಟ್ರದಲ್ಲಿ ವಾರಕ್ಕೊಮ್ಮೆ 'ಕೋರಡಾ ದಿವಸ್', ಒಣ ದಿನ, ಆಚರಿಸಿ ಎನ್ನುವುದರ ಲೆಕ್ಕ ಇದೇ. ಹೊಗೆ ಹಾಕಿಸುವುದು ಇದಕ್ಕಿಂತ ಜನಪ್ರಿಯ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆದರೆ ಹೊಗೆ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ. ತಟ್ಟೆಯಲ್ಲಿರುವ ಮರಿಗೆ ಏನೂ ಆಗುವುದಿಲ್ಲ.

ಕರ್ನಾಟಕ ಸರ್ಕಾರ 2024ರ ಆಗಸ್ಟ್ ಕೊನೆಯಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ದಂಡ ಗೊತ್ತುಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಾಮಗಾರಿಯ ಜಾಗಕ್ಕೆ 2,000 ರೂಪಾಯಿ. ಕೋಟಿಗಳ ಕಾಮಗಾರಿಗೆ 2,000 ಎಂದರೆ ಒಂದು ದಿನದ ಚಹಾ ಖರ್ಚು.